ಎಂಟೂವರೆ ಇಂಚಿನ ಮೆಟ್ಟಿಲು

ಊರಿನವರೆಲ್ಲ ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಒಂದೇ ಆಫೀಸು, ಒಂದೇ ಕಿಟಕಿ, ಒಂದೇ ಓರೆ ಮೇಜು. ಅದರ ಮೇಲೆ ಬಗ್ಗಿ ಬಗ್ಗಿ ಊರ ಜನರಿಗೆ ಮನೆ ಬರೆದುಕೊಟ್ಟರು, ತಮಗೆ ಗೂನುಬೆನ್ನು ಬರಿಸಿಕೊಂಡರು. ಗೆರೆ ಇವರದು, ಸಹಿ ಸಾಹೇಬರದು. ಸಾಹೇಬರ ಕಣ್ಣು ಹಾಳೆಯ ಬಲಮೂಲೆಯಲ್ಲಿ ಸಹಿಗೆಂದು ಬಿಟ್ಟ ಜಾಗ ದಾಟಿ ಆಚೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೆ ಸಾಹೇಬರು ಇಟ್ಟಿದ್ದ ಹೆಸರು ನಂಬಿಕೆ. ಆಫೀಸಿನವರು ಬೇರೆ ಹೆಸರು ಇಟ್ಟಿದ್ದರು, ಅದು ಇಲ್ಲಿ ಬೇಡ.

ನಕ್ಷೆಯವರಿಗೆ ಒಂದು ಚಾಳಿ. ಆಸ್ಪತ್ರೆಯಿರಲಿ, ಬಟ್ಟೆ ಅಂಗಡಿಯಿರಲಿ, ನೆಂಟರ ಮನೆಯಿರಲಿ, ಮೆಟ್ಟಿಲು ಕಂಡರೆ ಅವರ ತುಟಿ ಅಲುಗುತ್ತಿತ್ತು. ಗಂಡ ದೇವರ ನಾಮ ಹೇಳಿಕೊಳ್ಳುತ್ತಾರೆಂದು ಹೆಂಡತಿ ನಂಬಿದ್ದಳು, ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಯೂ ಇದ್ದಳು. ನಾಮವೂ ಇಲ್ಲ, ಏನೂ ಇಲ್ಲ. ಅವರು ಎಣಿಸುತ್ತಿದ್ದರು. ಮೇಲಿನ ಕೊನೆಯ ಮೆಟ್ಟಿಲು ಬಂದಾಗ ನಿಂತು, ಬಿಸಿನೀರಿಗೆ ಕಾಲಿಡುವವರ ಹಾಗೆ ಮೆಲ್ಲಗೆ ಪಾದ ಊರಿ, ಎತ್ತರ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಹಿಂದೆ ಬರುವವರು ಅವರ ಬೆನ್ನಿಗೆ ಡಿಕ್ಕಿ ಹೊಡೆದು ಗೊಣಗಿಕೊಳ್ಳುತ್ತಿದ್ದರು.

ಈ ಎಣಿಕೆ ಶುರುವಾದದ್ದು ಇಪ್ಪತ್ತಾರು ವರ್ಷಗಳ ಹಿಂದೆ. ಕನ್ನಡಕದ ಅಂಗಡಿಯವರೊಬ್ಬರು ಎರಡಂತಸ್ತಿನ ಮನೆ ಕಟ್ಟಿಸಿದರು. ಗೋಡೆಗಂಟಿಕೊಂಡು ನೆಟ್ಟಗೆ ಏರುವ ಮೆಟ್ಟಿಲು ಬೇಕು ಎಂದರು, ನಕ್ಷೆಯವರು ಬರೆದುಕೊಟ್ಟರು. ಹದಿನೆಂಟು ಮೆಟ್ಟಿಲು, ಒಂದೊಂದು ಆರೂವರೆ ಇಂಚು. ಲೆಕ್ಕ ಸರಿಯಾಗಿತ್ತು, ಕಾಂಕ್ರೀಟಿನ ಮಟ್ಟಿಗೆ. ಮೇಲಿನ ಕೋಣೆಗಳಿಗೆ ದಪ್ಪ ಕಲ್ಲು ಹಾಸುತ್ತಾರೆ, ಹಾಸಿದ ಮೇಲೆ ಅಲ್ಲಿಯ ನೆಲ ಎರಡು ಇಂಚು ಹೆಚ್ಚು ಏರುತ್ತದೆ ಎನ್ನುವುದನ್ನು ಅವರು ಮರೆತರು. ಕಲ್ಲಿನ ವಿಷಯ ಅದೇ ಹಾಳೆಯ ಕೆಳಗೆ, ಅವರದೇ ಅಕ್ಷರದಲ್ಲಿ ಇತ್ತು. ಆ ಎರಡು ಇಂಚನ್ನು ಹದಿನೆಂಟು ಮೆಟ್ಟಿಲಿಗೂ ಹಂಚಿದ್ದರೆ ಯಾರ ಕಾಲಿಗೂ ಗೊತ್ತಾಗುತ್ತಿರಲಿಲ್ಲ. ಹಂಚಲಿಲ್ಲ. ಕಾಂಕ್ರೀಟಿನವನು ಹಾಳೆ ನೋಡಿ ಹಾಕಿ ಹೋದ, ಕಲ್ಲಿನವನು ಆಮೇಲೆ ಬಂದು ಹಾಸಿ ಹೋದ, ಎರಡು ಇಂಚೂ ಮೇಲಿನ ಒಂದೇ ಮೆಟ್ಟಿಲಿನ ತಲೆಗೆ ಬಂತು.

ಹತ್ತುವವರು ಅಂಥ ಮೆಟ್ಟಿಲಿಗೆ ಕಾಲು ಎಡವಿ ಬೈದುಕೊಳ್ಳುತ್ತಾರೆ, ಅಷ್ಟೇ. ಇಳಿಯುವವರ ಕಥೆ ಬೇರೆ. ಇಳಿಯುವವರಿಗೆ ಅದು ಮೊದಲ ಮೆಟ್ಟಿಲು. ಇಲ್ಲಿಯೇ ಇದೆ ಎಂದು ನಂಬಿ ಇಟ್ಟ ಕಾಲಿಗೆ ನೆಲ ಸಿಗುವುದಿಲ್ಲ. ಹೊಸ ಮನೆಗೆ ಬಂದ ಹನ್ನೊಂದನೆಯ ದಿನ ಕನ್ನಡಕದ ಅಂಗಡಿಯವರ ಹೆಂಡತಿ ಮೇಲಿನಿಂದ ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಆಫೀಸಿನವರೆಲ್ಲ ಮಾತಾಡಿಸಲು ಹೋದರು. ಜನ ತಲೆಗೊಂದು ಮಾತಾಡುತ್ತಿದ್ದರು. ಕಾಲು ಜಾರಿತಂತೆ, ತಲೆ ಸುತ್ತಿತಂತೆ, ಆಯುಷ್ಯ ಅಷ್ಟೇ ಇತ್ತಂತೆ. ಸಾಹೇಬರು ಮೇಲಿನ ಕೋಣೆಗೆ ಹೋಗೋಣ ಎಂದಾಗ ನಕ್ಷೆಯವರೂ ಹಿಂದೆ ಹತ್ತಿದರು. ಹದಿನೇಳು ಮೆಟ್ಟಿಲು ಸಲೀಸಾಗಿ ಬಂತು. ಹದಿನೆಂಟನೆಯದಕ್ಕೆ ಅವರ ಹೆಬ್ಬೆರಳು ಕಲ್ಲಿನ ಅಂಚಿಗೆ ಬಡಿಯಿತು. ಆ ಕ್ಷಣದಲ್ಲಿ ಅವರಿಗೆ ಎಲ್ಲವೂ ಗೊತ್ತಾಯಿತು, ಅವರೊಬ್ಬರಿಗೆ ಮಾತ್ರ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಮಗಳಿಗೆ ಆಗ ಆರು ವರ್ಷ, ಕೆಲಸ ಹೋದರೆ ಎಂಬ ಹೆದರಿಕೆ ಒಂದು. ಹೇಳಿದರೆ ಸತ್ತವರು ಎದ್ದು ಬರುತ್ತಾರೆಯೇ ಎಂಬ ಹಾಳು ಸಮಾಧಾನ ಇನ್ನೊಂದು. ಅಂದಿನಿಂದ ಆ ಬೀದಿಗೆ ಕಾಲಿಡಲಿಲ್ಲ.

ಆದರೆ ಆ ಹೆಂಗಸಿನ ಕಾಲು ಅವರನ್ನು ಬಿಡಲಿಲ್ಲ. ಆಕೆ ಬೀಳುವುದನ್ನು ನಕ್ಷೆಯವರು ನೋಡಿದವರಲ್ಲ. ಹಾಗಿದ್ದೂ ಹಾಡಹಗಲಲ್ಲಿ, ಪೆನ್ಸಿಲು ಚೂಪು ಮಾಡುತ್ತಿರುವಾಗ, ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕೂತಾಗ, ಒಂದು ಹಿಮ್ಮಡಿ ಕಣ್ಣಿಗೆ ಕಾಣುತ್ತಿತ್ತು. ಮೆಟ್ಟಿಲು ಇದೆಯೆಂದು ಕೆಳಗಿಳಿಯುತ್ತಿರುವ ಹಿಮ್ಮಡಿ. ಅದು ಇಳಿಯುತ್ತಲೇ ಇರುತ್ತಿತ್ತು, ಎಲ್ಲಿಯೂ ಊರುತ್ತಿರಲಿಲ್ಲ. ಅವರು ಕೆಮ್ಮಿಯೋ ಎದ್ದು ನಿಂತೋ ಅದನ್ನು ಓಡಿಸುತ್ತಿದ್ದರು. ಆಮೇಲೆ ಬರೆದ ಒಂದೊಂದು ಮನೆಯ ಮೆಟ್ಟಿಲನ್ನೂ ನಾಲ್ಕು ನಾಲ್ಕು ಸಲ ಕೂಡಿ ಭಾಗಿಸಿ ನೋಡಿದರು. ಆಫೀಸಿನಲ್ಲಿ ಅವರನ್ನು ಬಲು ಶಿಸ್ತಿನ ಮನುಷ್ಯ ಎಂದು ಹೊಗಳಿದರು. ಹೊಗಳಿಕೆ ಕೇಳಿದ ದಿನ ಅವರು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಸ್ವಂತಕ್ಕೆ ಮನೆ ಕಟ್ಟಿಸುವ ಮಾತು ಬಂದಾಗಲೆಲ್ಲ ನಕ್ಷೆಯವರು ಜಾರಿಕೊಳ್ಳುತ್ತಿದ್ದರು. ಅಂಗೈಯಗಲದ ಒಂದು ಸೈಟು ಎಂದೋ ತೆಗೆದುಕೊಂಡಿದ್ದರು. ಅಷ್ಟು ಜಾಗದಲ್ಲಿ ಮನೆಯೆಂದರೆ ಮೇಲಕ್ಕೇ ಏಳಬೇಕು, ಮೇಲಕ್ಕೆ ಎದ್ದರೆ ಮೆಟ್ಟಿಲು ಬಂತು. ಆದ್ದರಿಂದ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ, ಎಲ್ಲವೂ ನೆಲದ ಮನೆಗಳೇ, ಹೆಂಡತಿ ಪಾತ್ರೆ ಪಗಡೆ ಕಟ್ಟುತ್ತಾ ಬಿಚ್ಚುತ್ತಾ ಇಪ್ಪತ್ತಾರು ವರ್ಷ ಕಳೆದಳು. ಈಗ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಮಗಳು ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ್ದಳು. ಗಂಡ ಮತ್ತು ಮಗುವಿನ ಸಮೇತ ಅಪ್ಪ ಅಮ್ಮನ ಜೊತೆಗೇ ಇರುತ್ತೇನೆ, ಮನೆ ಕಟ್ಟಿಸೋಣ ಎಂದು ಹಟ ಹಿಡಿದಳು. ಮಗು ಆಗತಾನೇ ಗೋಡೆ ಹಿಡಿದು ನಡೆಯಲು ಕಲಿತಿತ್ತು. ಅದು ನಾಳೆ ಆ ಮನೆಯ ಮೆಟ್ಟಿಲು ಇಳಿಯಬೇಕು.

ನಕ್ಷೆಯವರು ಹಾಳೆ ಹಾಸಿಕೊಂಡು ಕೂತರು. ಅಡುಗೆಮನೆ ಬಂತು, ಬಚ್ಚಲು ಬಂತು, ಬೆಳಕು ಬೀಳುವ ಕಡೆ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಜಾಗ ಬಂತು. ಮೆಟ್ಟಿಲಿನ ಜಾಗಕ್ಕೆ ಬಂದ ಕೂಡಲೇ ಪೆನ್ಸಿಲು ನಿಂತಿತು, ಹಿಮ್ಮಡಿ ಕಾಣಿಸಿತು. ಮೂರು ತಿಂಗಳಾದರೂ ಹಾಳೆಯಲ್ಲಿ ಆ ಜಾಗ ಖಾಲಿ.

ಒಂದು ದಿನ ಹಾಳೆ ಮಡಿಸಿಟ್ಟು, "ಆರ್ಕಿಟೆಕ್ಟ್ ಒಬ್ಬರನ್ನ ಗೊತ್ತು ಮಾಡೋಣ" ಎಂದರು.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಕೈ ಹಾಗೇ ನಿಂತಿತು. "ಊರಿಗೆಲ್ಲ ಮನೆ ಬರೆದುಕೊಟ್ಟೋರು ನೀವು. ನಮ್ಮನೆಗೆ ಬೇರೆಯವರಾ?"

"ವಯಸ್ಸಾಯ್ತು ಕಣೇ. ಕಣ್ಣು ಸರಿ ಇಲ್ಲ."

"ಮೊನ್ನೆ ಅಕ್ಕಿಯಲ್ಲಿ ಎಳ್ಳಷ್ಟು ಕಲ್ಲು ಹೆಕ್ಕಿ ನನ್ನನ್ನೇ ಬೈದ್ರಿ. ಅವತ್ತು ಕಣ್ಣು ಸರಿ ಇತ್ತಾ?"

ನಕ್ಷೆಯವರಿಗೆ ಬೇಕಾಗಿದ್ದುದು ಚೆಂದದ ಮನೆ ಬರೆಯುವವರಲ್ಲ, ತಮ್ಮ ತಪ್ಪನ್ನು ಹಿಡಿಯುವವರು. ಹೆಸರು, ಬಿರುದು, ಕಟ್ಟಿದ ಮನೆಗಳ ಫೋಟೋ ಇವೆಲ್ಲ ಅವರ ಪಾಲಿಗೆ ಬಾಗಿಲ ಮುಂದಿನ ಅಲಂಕಾರ. ಆದ್ದರಿಂದ ಅವರು ಒಂದು ವಿಚಿತ್ರ ಕೆಲಸ ಮಾಡಿದರು. ಹಾಳೆಯ ಆ ಖಾಲಿ ಜಾಗದಲ್ಲಿ ಹಳೆಯ ಮೆಟ್ಟಿಲನ್ನೇ ಬರೆದರು. ಅದೇ ಹದಿನೆಂಟು, ಅದೇ ಆರೂವರೆ ಇಂಚು, ಮೇಲಿನ ನೆಲಕ್ಕೆ ಅದೇ ದಪ್ಪ ಕಲ್ಲು. ಒಂದು ಗೆರೆಯನ್ನೂ ತಿದ್ದಲಿಲ್ಲ. ಅದನ್ನು ಹಿಡಿದುಕೊಂಡು ಹೆಂಡತಿಯೊಡನೆ ಆರ್ಕಿಟೆಕ್ಟ್ ಹುಡುಕಲು ಹೊರಟರು.

ಮೊದಲನೆಯದು ದೊಡ್ಡ ಹೆಸರಿನ ಆಫೀಸು. ಗಾಜಿನ ಬಾಗಿಲು, ಗಾಜಿನ ಪೆಟ್ಟಿಗೆಯಲ್ಲಿ ರಟ್ಟಿನ ಮನೆಗಳು, ಮಾತಾಡಿದರೆ ಪ್ರತಿಧ್ವನಿ. ಅಲ್ಲಿಯ ಯಜಮಾನರು ಗೋಡೆಯಗಲದ ಪರದೆಯ ಮೇಲೆ ಒಂದು ಗಂಟೆ ಚಿತ್ರ ತೋರಿಸಿದರು. ನಕ್ಷೆಯವರ ಹಾಳೆಯನ್ನು ಬಸ್ಸಿನ ಟಿಕೆಟ್ಟು ನೋಡುವಷ್ಟು ಹೊತ್ತು ನೋಡಿ, "ಚೆನ್ನಾಗಿದೆ ಸರ್, ಆದ್ರೆ ಇದನ್ನ ಮರೆತುಬಿಡಿ" ಎಂದರು. ಹೊರಗೆ ಬಂದ ಮೇಲೆ ಹೆಂಡತಿ, "ಆ ಚಿತ್ರದ ಮನೆಗಳಲ್ಲಿ ಒಂದರಲ್ಲೂ ಪೊರಕೆ ಇಡೋ ಜಾಗ ಕಾಣಲಿಲ್ಲ" ಎಂದಳು.

ಎರಡನೆಯವರನ್ನು ತೋರಿಸಿದವನು ಭಾಮೈದ. ನಕ್ಷೆ, ಪರವಾನಗಿ, ಕಟ್ಟಡ ಎಲ್ಲ ಒಂದೇ ಕೈಯಲ್ಲಿ ಮುಗಿಸುವ ಇಂಜಿನಿಯರ್. "ಭಾವ, ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ" ಎಂದು ಭಾಮೈದ ಹೇಳಿದಾಗಲೇ ನಕ್ಷೆಯವರ ತಲೆ ಕೆಟ್ಟಿತ್ತು. ಇಂಜಿನಿಯರ್ ಹೇಳಿದ್ದಕ್ಕೆಲ್ಲ ಹೂಂ ಎಂದ. ಕಿಟಕಿ ದೊಡ್ಡದು ಮಾಡಿ ಎಂದರೂ ಹೂಂ, ಚಿಕ್ಕದು ಮಾಡಿ ಎಂದರೂ ಹೂಂ.

"ಮೆಟ್ಟಿಲು ನೋಡಿದ್ರಾ?" ಎಂದು ನಕ್ಷೆಯವರೇ ಬಾಯಿಬಿಟ್ಟು ಕೇಳಿದರು.

"ಮೆಟ್ಟಿಲಿಗೇನು ಸರ್, ಹೆಚ್ಚು ಕಮ್ಮಿ ಆದ್ರೆ ಮೇಸ್ತ್ರಿ ಅಲ್ಲೇ ಅಡ್ಜಸ್ಟ್ ಮಾಡ್ತಾನೆ."

ನಕ್ಷೆಯವರು ಹಾಳೆ ಸುತ್ತಿಕೊಂಡು ಎದ್ದರು. ಭಾಮೈದ ಒಂದು ವಾರ ಮುಖ ಊದಿಸಿಕೊಂಡಿದ್ದ. ಇನ್ನೂ ಇಬ್ಬರು ಮೂವರ ಬಳಿ ಹೋಗಿ ಬಂದರು. ಒಬ್ಬರೂ ಮೆಟ್ಟಿಲಿಗೆ ಬೆರಳಿಡಲಿಲ್ಲ. ಯಾರೂ ಹಿಡಿಯದಿದ್ದರೆ, ಅಂದು ಯಾರೂ ಹಿಡಿಯುತ್ತಿರಲಿಲ್ಲ ಎಂದಾಯಿತಲ್ಲ ಎಂದು ಅವರ ಮನಸ್ಸು ಒಳಗೊಳಗೇ ಪಿಸುಗುಟ್ಟಿತು. ಆ ಪಿಸುಮಾತಿನಲ್ಲಿ ಒಂದು ಚೂರು ಸುಖವಿತ್ತು. ಅದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಕೊನೆಗೆ ಹೋದದ್ದು ಟೈರ್ ಅಂಗಡಿಯ ಮೇಲಿನ ಒಂದು ಕೋಣೆಗೆ. ಹೊರಗಿನ ಕಬ್ಬಿಣದ ಮೆಟ್ಟಿಲನ್ನು ನಕ್ಷೆಯವರು ಎಣಿಸಿಕೊಂಡೇ ಹತ್ತಿದರು. ಹದಿನಾಲ್ಕು, ಎಲ್ಲ ಒಂದೇ ಸಮ. ಒಳಗೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು, ಎರಡು ಮೇಜು, ಕೆಳಗಿನಿಂದ ಬರುವ ರಬ್ಬರಿನ ವಾಸನೆ. ಆಕೆ ಹಾಳೆ ಕೇಳಲಿಲ್ಲ, ನಕ್ಷೆಯವರನ್ನೂ ಕೇಳಲಿಲ್ಲ. ಕುರ್ಚಿಯನ್ನು ಹೆಂಡತಿಯ ಕಡೆ ತಿರುಗಿಸಿಕೊಂಡಳು.

"ಅಮ್ಮ, ಯಾವ ಮಂಡಿ ನೋಯುತ್ತೆ ನಿಮಗೆ?"

"ಎಡಗಡೆದು. ನಿಮಗೆ ಹೇಗೆ ಗೊತ್ತಾಯ್ತು?"

"ಹತ್ತಿ ಬರೋ ಸದ್ದು ಕೇಳಿಸ್ತು. ಒಂದು ಕಾಲು ಜೋರು, ಒಂದು ಕಾಲು ಮೆಲ್ಲಗೆ."

ಅರ್ಧ ಗಂಟೆ ಅವರಿಬ್ಬರದೇ ಮಾತು. ಒದ್ದೆ ಬಟ್ಟೆ ಎಲ್ಲಿ ಒಣಗುತ್ತದೆ, ಮಗು ಹಗಲು ಯಾರ ಹತ್ತಿರ ಇರುತ್ತದೆ, ಅಳಿಯ ಯಾವ ಪಾಳಿಯಲ್ಲಿ ಕೆಲಸ ಮಾಡುತ್ತಾನೆ, ಹಗಲು ಮಲಗುವವರಿಗೆ ಕತ್ತಲೆ ಎಲ್ಲಿ. ಹೆಂಡತಿ ತವರಿಗೆ ಬಂದವಳಂತೆ ಮಾತಾಡಿದಳು. ಆಮೇಲೆ ಆ ಆರ್ಕಿಟೆಕ್ಟ್ ಹಾಳೆ ಬಿಚ್ಚಿ, ನಾಲ್ಕು ಮೂಲೆಗೆ ಭಾರ ಇಟ್ಟು, ಸ್ಕೇಲು ಹಿಡಿದು ಅಳೆಯತೊಡಗಿದಳು. ನಕ್ಷೆಯವರಿಗೆ ಹಿಡಿಯಲಿ ಎಂದು ಒಂದು ಮನಸ್ಸು, ಹಿಡಿಯದೇ ಇರಲಿ ಎಂದು ಇನ್ನೊಂದು.

"ಮೇಲಿನ ನೆಲಕ್ಕೆ ಕಲ್ಲಾ ಸರ್?"

"ಹೌದು."

ಆಕೆ ಹಾಳೆಯ ಅಂಚಿನಲ್ಲಿ ಎರಡು ಸಂಖ್ಯೆ ಬರೆದು ಕಳೆದಳು. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಸರ್, ಈ ಮೆಟ್ಟಿಲು ಯಾರನ್ನಾದ್ರೂ ಬೀಳಿಸುತ್ತೆ. ಯಾರು ಬರೆದಿದ್ದು ಇದನ್ನ?"

"ನಾನೇ."

"ಮೂವತ್ತೆಂಟು ವರ್ಷ ನಕ್ಷೆ ಬರೆದಿದಾರೆ ಅಂದ್ರು ಅಮ್ಮ. ಇಂಥದ್ದು ಕೈತಪ್ಪಿ ಬರೋದಲ್ಲ."

"ಈಗ ಬೇಕಂತಲೇ ಬರೆದೆ. ಮೊದಲ ಸಲ ಕೈತಪ್ಪೇ ಬರೆದಿದ್ದು. ಇಪ್ಪತ್ತಾರು ವರ್ಷ ಆಯ್ತು."

"ಅದನ್ನ ಕಟ್ಟಿದ್ರಾ?"

"ಕಟ್ಟಿದ್ರು. ಆ ಮನೆಯಾಕೆ ಬಿದ್ದು ತೀರಿಹೋದ್ರು."

ಹೆಂಡತಿ ತಿರುಗಿ ನೋಡಿದಳು. ನಕ್ಷೆಯವರು ಆಕೆಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಹಾಳೆಯನ್ನೇ ನೋಡುತ್ತಾ, ಕಲ್ಲಿನಿಂದ ಹಿಡಿದು ಹೆಬ್ಬೆರಳಿಗೆ ತಾಗಿದ ಪೆಟ್ಟಿನವರೆಗೆ ಎಲ್ಲವನ್ನೂ ಹೇಳಿದರು. ಹೇಳಿ ಮುಗಿದಾಗ ಹಗುರವಾಗುತ್ತದೆಂದು ಎಲ್ಲರೂ ಅನ್ನುತ್ತಾರೆ. ಅವರಿಗೆ ಹಾಗೇನೂ ಆಗಲಿಲ್ಲ.

ಆರ್ಕಿಟೆಕ್ಟ್ ಸಮಾಧಾನ ಹೇಳಲಿಲ್ಲ. "ಆ ಮೆಟ್ಟಿಲು ಈಗಲೂ ಹಾಗೇ ಇದೆಯಾ?" ಎಂದು ಕೇಳಿದಳು.

"ಗೊತ್ತಿಲ್ಲ. ಆ ಕಡೆ ಹೋಗೇ ಇಲ್ಲ."

"ಇದ್ರೆ ಇವತ್ತೂ ಯಾರೋ ಇಳೀತಿರ್ತಾರೆ, ಸರ್."

ಇಪ್ಪತ್ತಾರು ವರ್ಷ ಅವರು ಸತ್ತವರ ಕಾಲನ್ನೇ ನೋಡಿಕೊಂಡು ಬಂದಿದ್ದರು. ಬದುಕಿರುವವರ ಕಾಲು ಒಂದು ದಿನವೂ ನೆನಪಾಗಿರಲಿಲ್ಲ.

"ನಿಮ್ಮ ಮನೆ ನಾನು ಬರೀತೀನಿ. ಮೊದಲು ಅದನ್ನ ನೋಡ್ಕೊಂಡು ಬನ್ನಿ" ಎಂದಳು ಆಕೆ.

ಬಸ್ ಸ್ಟಾಪಿನವರೆಗೆ ಹೆಂಡತಿ ಒಂದು ಮಾರು ಹಿಂದೆಯೇ ನಡೆದಳು. ಬೆಂಚಿನ ಮೇಲೆ ಕೂತ ಮೇಲೆ, "ಇಷ್ಟು ವರ್ಷ ನಮಗೆ ಸ್ವಂತ ಮನೆ ಇಲ್ಲದ್ದು ಇದಕ್ಕೇನಾ?" ಎಂದಳು.

"ಹೂಂ."

"ನಾನೇನೋ ನಮ್ಮ ಯೋಗ್ಯತೆ ಇಷ್ಟೇ ಅಂದ್ಕೊಂಡು ಸುಮ್ಮನಿದ್ದೆ. ಒಂದು ಮಾತು ಹೇಳೋಕೆ ಆಗ್ಲಿಲ್ಲ ಅಲ್ವಾ ನಿಮಗೆ." ಆಕೆಗೆ ಸಿಟ್ಟಿತ್ತು, ಅಳುವೂ ಇತ್ತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು, "ನಡೀರಿ, ನಾನೂ ಬರ್ತೀನಿ" ಎಂದಳು.

ಕನ್ನಡಕದ ಅಂಗಡಿಯವರ ಮನೆಯ ಬಣ್ಣ ಬದಲಾಗಿತ್ತು, ಬಾಗಿಲು ಅದೇ. ಬಾಗಿಲು ತೆರೆದವಳು ಸೊಸೆ. ಒಳಗೆ ಕುರ್ಚಿಯಲ್ಲಿ ಕನ್ನಡಕದವರು, ಎಪ್ಪತ್ತೈದು ದಾಟಿದ ಸಣಕಲು ದೇಹ. ನೋಡಿದ ಕೂಡಲೇ ಗುರುತು ಹಿಡಿದರು.

"ನಕ್ಷೆಯವರಲ್ವಾ? ಬನ್ನಿ ಬನ್ನಿ. ಎಷ್ಟು ವರ್ಷ ಆಯ್ತು. ಮಗ ಮೇಲಿದಾನೆ, ಕರೀತೀನಿ ಇರಿ."

ಹೀಗೆ ಹೇಳಿ ಆ ಮುದುಕರು ಮಗನನ್ನು ಕೂಗಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ಮೆಟ್ಟಿಲ ಬಳಿಗೆ ಹೋಗಿ, ಪಕ್ಕದ ಕಂಬಿ ಹಿಡಿದು ಒಂದೊಂದೇ ಹತ್ತತೊಡಗಿದರು. ಪ್ರತಿ ಮೆಟ್ಟಿಲಿಗೂ ಉಸಿರು ಬಿಡುತ್ತಿದ್ದರು.

"ಇಲ್ಲಿಂದಲೇ ಕೂಗಬಹುದಿತ್ತಲ್ಲಮ್ಮ" ಎಂದಳು ನಕ್ಷೆಯವರ ಹೆಂಡತಿ, ಸೊಸೆಗೆ ಮೆಲ್ಲಗೆ.

"ನಮ್ಮನೇಲಿ ಕೆಳಗಿಂದ ಯಾರನ್ನೂ ಕೂಗಲ್ಲ. ಹತ್ತಿ ಹೋಗೇ ಕರೀಬೇಕು. ಮಾವ ಮಾಡಿದ ಕಟ್ಟಳೆ. ಅವತ್ತು ಅತ್ತೆ ಮೇಲಿದ್ರಂತೆ, ಮಾವ ಕೆಳಗಿಂದ ಬೇಗ ಬಾ ಅಂತ ಕೂಗಿದ್ರಂತೆ. ಗಡಿಬಿಡಿಯಲ್ಲಿ ಇಳಿಯೋಕೆ ಹೋಗಿ ಬಿದ್ರು. ನಾನು ಕೂಗಿ ಕೊಂದೆ ಅಂತ ಈಗಲೂ ಅಂತಾರೆ. ಊಟಕ್ಕೆ ಕರೆಯೋಕೂ ಅವರೇ ಹತ್ತಿ ಬರ್ತಾರೆ, ಬೇಡ ಅಂದ್ರೆ ಕೇಳಲ್ಲ."

ಈ ಭಾರ ಹೊತ್ತವನು ನಾನೊಬ್ಬನೇ ಎಂದು ನಕ್ಷೆಯವರು ತಿಳಿದಿದ್ದರು, ಅದರಲ್ಲೊಂದು ಕಳ್ಳ ಹೆಮ್ಮೆಯೂ ಇತ್ತೇನೋ. ತಾವು ಮುಚ್ಚಿಟ್ಟದ್ದು ಬೇರೊಬ್ಬರ ಹೆಗಲೇರಿ ಕೂತಿದೆಯೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ಅವರು ತಲೆಯೆತ್ತಿ ನೋಡಿದರು. ಮುದುಕರು ಹದಿನೇಳನ್ನು ಮುಗಿಸಿದ್ದರು. ಹದಿನೆಂಟನೆಯದಕ್ಕೆ ಅವರ ಕಾಲು ತಾನಾಗಿಯೇ ಎರಡು ಇಂಚು ಹೆಚ್ಚು ಎತ್ತರಕ್ಕೆ ಎದ್ದಿತು. ಮನೆಯವರೆಲ್ಲರ ಕಾಲಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ.

"ಸ್ವಾಮಿ, ಅಲ್ಲೇ ನಿಲ್ಲಿ" ಎಂದರು ನಕ್ಷೆಯವರು. ಜೇಬಿನಿಂದ ಟೇಪು ತೆಗೆದು ಮೆಟ್ಟಿಲ ಮೇಲೆ ಮಂಡಿಯೂರಿದರು. ಮಗ ಕೋಣೆಯಿಂದ ಹೊರಬಂದು ಏನು ಎತ್ತ ತಿಳಿಯದೆ ನಿಂತ. ನಕ್ಷೆಯವರು ಕೆಳಗಿನಿಂದ ಒಂದೊಂದನ್ನೂ ಅಳೆದು ಗಟ್ಟಿಯಾಗಿ ಹೇಳುತ್ತಾ ಹತ್ತಿದರು. ಆರೂವರೆ. ಆರೂವರೆ. ಆರೂವರೆ. ಹದಿನೇಳು ಸಲ. ಹದಿನೆಂಟನೆಯದರಲ್ಲಿ ಟೇಪನ್ನು ಮುದುಕರ ಕಣ್ಣಿಗೆ ಕಾಣುವಂತೆ ಹಿಡಿದು, "ಎಂಟೂವರೆ" ಎಂದರು. "ನಾನು ಬರೆದ ತಪ್ಪು ಇದು. ನೀವು ಕೂಗಿದ್ದಕ್ಕೆ ಅಮ್ಮ ಬೀಳಲಿಲ್ಲ. ಕೂಗದೇ ಇದ್ರೂ ಇವತ್ತಲ್ಲ ನಾಳೆ ಯಾರೋ ಒಬ್ಬರು ಬೀಳ್ತಿದ್ರು."

ಕನ್ನಡಕದವರು ಬಗ್ಗಿ ಟೇಪನ್ನು ಮುಟ್ಟಿದರು. ಮತ್ತೆ ಹದಿನೇಳನೆಯದನ್ನು ಅಳೆಯಲು ಹೇಳಿದರು, ಮತ್ತೆ ಹದಿನೆಂಟನೆಯದನ್ನು. ಮೇಲಿನ ಕಲ್ಲಿನ ಮೇಲೆಯೇ ಕೂತುಬಿಟ್ಟರು.

"ನಿಮಗೆ ಯಾವಾಗ ಗೊತ್ತಾಯ್ತು?"

"ಆವತ್ತೇ. ಮಾತಾಡಿಸೋಕೆ ಬಂದ ದಿನ."

"ಆಮೇಲೆ ಊರು ಬಿಟ್ಟಿದ್ರಾ?"

"ಇಲ್ಲ. ಇಲ್ಲೇ ಇದ್ದೆ."

"ಎಷ್ಟು ದೂರ?"

"ಎರಡು ಸ್ಟಾಪು."

"ಎರಡು ಸ್ಟಾಪು" ಎಂದರು ಮುದುಕರು, ತಮಗೇ ಹೇಳಿಕೊಳ್ಳುವಂತೆ. "ನಡೆದ್ರೂ ಕಾಲು ಗಂಟೆ."

ನಕ್ಷೆಯವರು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತು ಬಾಯಿಗೆ ಬರಲಿಲ್ಲ, ಬಂದರೆ ನಾಚಿಕೆಗೇಡು ಎನಿಸಿತು. ಮಗನ ಮುಖ ಕೆಂಪೇರಿತ್ತು, ಒಂದು ಹೆಜ್ಜೆ ಮುಂದೆ ಬಂದ. ಕನ್ನಡಕದವರು ಕೈ ಅಡ್ಡ ಹಿಡಿದರು.

"ಈಗ ಯಾಕೆ ಬಂದ್ರಿ?"

"ಮನೆ ಕಟ್ಟಿಸ್ತಿದೀನಿ. ಆರ್ಕಿಟೆಕ್ಟ್ ಹುಡುಕ್ತಿದ್ದೆ. ಒಬ್ಬ ಹೆಣ್ಣುಮಗಳು ಸಿಕ್ಕಿದಾರೆ. ಈ ತಪ್ಪನ್ನ ಕಾಗದದ ಮೇಲೇ ಹಿಡಿದ್ರು. ಅವರೇ ಕಳಿಸಿದ್ದು."

"ಅವರು ಕಳಿಸಿದ್ರು ಅಂತ ಬಂದ್ರಿ."

"ಹೌದು."

ಮುದುಕರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳಲಿಲ್ಲ. "ನೀವು ಇನ್ನು ಈ ಮನೆಗೆ ಬರಬೇಡಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆ ಹೆಣ್ಣುಮಗಳನ್ನ ಕಳಿಸಿ. ಇದನ್ನ ಒಡೆದು ಸರಿ ಮಾಡ್ಲಿ. ನಿಮ್ಮ ಮನೆ ಆಮೇಲೆ."

"ನಾಳೆಯೇ ಕಳಿಸ್ತೀವಿ" ಎಂದಳು ಕೆಳಗಿನಿಂದ ನಕ್ಷೆಯವರ ಹೆಂಡತಿ.

ನಕ್ಷೆಯವರು ಟೇಪು ಸುತ್ತಿಕೊಂಡು ಗೋಡೆ ಹಿಡಿದು ಇಳಿದರು. ಅಂದು ಎಣಿಸಲಿಲ್ಲ. ಗೇಟು ದಾಟುವಾಗ ಒಳಗಿನಿಂದ ಮುದುಕರ ಅಳು ಕೇಳಿಸಿತು, ಮಗ ಏನೋ ಹೇಳುತ್ತಿದ್ದ, ಅದರ ನಡುವೆ ಮುದುಕರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು: "ಹಾಗಾದ್ರೆ ನಾನಲ್ವಾ? ನಾನಲ್ವೇನೋ?" ನಕ್ಷೆಯವರು ಗೇಟಿನ ಮೇಲೆ ಕೈಯಿಟ್ಟು ಅದನ್ನು ಕೇಳುತ್ತಾ ನಿಂತರು. ಹೆಂಡತಿ ಅವರನ್ನು ಎಳೆದುಕೊಂಡು ಹೋಗಲಿಲ್ಲ, ಪಕ್ಕದಲ್ಲಿ ನಿಂತು ತಾನೂ ಕೇಳಿದಳು.